ಮಂಡಿನೋವಿನ ಅಮ್ಮನ ಜೊತೆ ಪೋರ್ಟೊ: ಮೇಲಿಂದ ಕೆಳಕ್ಕೆ ಊರು ನೋಡಿದ ನನ್ನ ಅನುಭವ

ಪೋರ್ಟೊಗೆ ಹೊರಟವರು ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ: ಆ ಊರನ್ನು ಮೇಲಿಂದ ಕೆಳಕ್ಕೆ ನೋಡಿ. ಪೋರ್ಚುಗಲ್ಲಿನ ಎರಡನೇ ದೊಡ್ಡ ನಗರ ಅದು. ಡೌರೊ ನದಿ ಅಟ್ಲಾಂಟಿಕ್ ಸಮುದ್ರ ಸೇರುವ ಸ್ವಲ್ಪ ಮೊದಲು, ಉತ್ತರ ದಡದ ಕಲ್ಲುಗುಡ್ಡದ ಮೇಲಿದೆ. ಎದುರು ದಡದಲ್ಲಿ ವಿಲಾ ನೋವಾ ದೆ ಗಾಯಾ ಎಂಬ ಬೇರೆಯೇ ನಗರ. ಅದೂ ಏರುತಗ್ಗಿನದ್ದೇ. ಮ್ಯಾಪಿನಲ್ಲಿ ನೋಡಿದರೆ ಎಲ್ಲವೂ ಅಲ್ಲೇ ಪಕ್ಕದಲ್ಲಿದೆ ಅನ್ನಿಸುತ್ತದೆ. ಹೋಗಿ ನಿಂತರೆ ನಡುವೆ ನೂರಾರು ಮೆಟ್ಟಿಲು.

ನನ್ನ ಜೊತೆ ಬಂದಿದ್ದು ಅಮ್ಮ. ಅವರಿಗೆ ಮಂಡಿನೋವು. ಸಮತಟ್ಟಾದ ದಾರಿಯಲ್ಲಿ ಎಷ್ಟು ಬೇಕಾದರೂ ನಡೆಯುತ್ತಾರೆ, ಇಳಿಜಾರನ್ನೂ ನಿಧಾನವಾಗಿ ಇಳಿಯುತ್ತಾರೆ. ಹತ್ತುವುದು ಮಾತ್ರ ಆಗುವುದಿಲ್ಲ. ಹಾಗಾಗಿ ಹೊರಡುವ ಮೊದಲೇ ಮ್ಯಾಪ್ ಹಿಡಿದು ಕೂತೆ. ಯಾವ ಜಾಗ ಎಷ್ಟು ಪ್ರಸಿದ್ಧ ಅಂತ ನೋಡಲಿಲ್ಲ, ಎಷ್ಟು ಎತ್ತರದಲ್ಲಿದೆ ಅಂತ ನೋಡಿ ಗುರುತು ಹಾಕಿದೆ. ಮೇಲಿನ ಹಂತದಲ್ಲಿ ಕ್ಲೆರಿಗೋಸ್ ಗೋಪುರ, ಬಟಾಲ್ಯಾ ಚೌಕ, ನದಿಯ ಮೇಲಿನ ಎರಡಂತಸ್ತಿನ ಡೊಂ ಲೂಯಿಸ್ ಸೇತುವೆಯ ಮೇಲಿನ ಅಂತಸ್ತು, ಗಾಯಾ ಕಡೆಯ ಮೊರ್ರೊ ಉದ್ಯಾನ. ನಡುವೆ ಸಾವ್ ಬೆಂಟೊ ರೈಲು ನಿಲ್ದಾಣ. ಕೆಳಗೆ ಪೋರ್ಟೊ ಕಡೆಯ ನದಿದಂಡೆಯಾದ ರಿಬೇರಾ, ಗಾಯಾದ ನದಿದಂಡೆ, ಸಾವ್ ಫ್ರಾನ್ಸಿಸ್ಕೊ ಚರ್ಚು. ಒಂದು ಹಂತದಿಂದ ಇನ್ನೊಂದಕ್ಕೆ ಹೋಗಲು ಮೆಟ್ರೊ, ಕೇಬಲ್ ಕಾರು, ಹಗ್ಗದ ರೈಲು ಇವೆ. ಇವನ್ನು ಜೋಡಿಸಿಕೊಂಡರೆ ಆಯ್ತು, ಹತ್ತುವ ಕೆಲಸವೇ ಇಲ್ಲ.

ಶುರು ಮಾಡಿದ್ದು ಸಾವ್ ಬೆಂಟೊದಿಂದ. ಇದು ಇಂದಿಗೂ ರೈಲು ಓಡುವ ನಿಲ್ದಾಣ, ಒಳಗೆ ಬರಲು ಟಿಕೆಟ್ ಬೇಡ. ಹಳೆಯ ಸನ್ಯಾಸಿನಿಯರ ಮಠ ಇದ್ದ ಜಾಗದಲ್ಲಿ ಕಟ್ಟಿ 1916ರಲ್ಲಿ ಉದ್ಘಾಟಿಸಿದರು. ಮುಂದಿನ ಹಜಾರದ ಗೋಡೆಗಳ ತುಂಬ ಸುಮಾರು 20,000 ಹೆಂಚುಗಳು. ನೀಲಿ ಬಣ್ಣದಲ್ಲಿ ಚಿತ್ರ ಬಿಡಿಸಿ ಮೆರುಗು ಕೊಟ್ಟ ಈ ಚೌಕ ಹೆಂಚುಗಳನ್ನು ಅಲ್ಲಿ ಅಜುಲೇಜು ಅನ್ನುತ್ತಾರೆ. ಬಿಡಿಸಿದವರು ಜಾರ್ಜ್ ಕೊಲಾಸೊ. ಹೆಚ್ಚಿನವರು ಬಾಗಿಲಲ್ಲಿ ನಿಂತು ಫೋಟೊ ತೆಗೆದು ಹೊರಟುಬಿಡುತ್ತಾರೆ. ಆ ಗೋಡೆಗಳನ್ನು ಓದಬೇಕು.

ಒಂದು ಚಿತ್ರದಲ್ಲಿ ಒಬ್ಬ ಮನುಷ್ಯ, ಅವನ ಹೆಂಡತಿ, ಮಕ್ಕಳು ರಾಜನ ಮುಂದೆ ನಿಂತಿದ್ದಾರೆ. ಅವನ ಹೆಸರು ಎಗಾಸ್ ಮೊನಿಜ್. 12ನೇ ಶತಮಾನದ ಕಥೆ ಅದು. ಲಿಯೋನ್ ರಾಜ ಗಿಮರಾಯಿಶ್ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ, ಎಗಾಸ್ ತಾನು ಸಾಕಿ ಬೆಳೆಸಿದ ರಾಜಕುಮಾರ ಅಫೊನ್ಸೊ ಹೆನ್ರಿಕೆಸನ ಪರವಾಗಿ ಮಾತು ಕೊಟ್ಟ: 'ನಮ್ಮ ಹುಡುಗ ನಿಮಗೆ ಅಧೀನನಾಗಿರುತ್ತಾನೆ, ಮುತ್ತಿಗೆ ತೆಗೆಯಿರಿ.' ಮುತ್ತಿಗೆ ತೆಗೆದರು. ಹುಡುಗ ಮಾತು ಉಳಿಸಿಕೊಳ್ಳಲಿಲ್ಲ. ಆಗ ಎಗಾಸ್ ಹೆಂಡತಿ ಮಕ್ಕಳ ಸಮೇತ, ಕೊರಳಿಗೆ ಹಗ್ಗ ಹಾಕಿಕೊಂಡು, ಬರಿಗಾಲಲ್ಲಿ ತೊಲೆದೊಗೆ ಹೋಗಿ ರಾಜನ ಮುಂದೆ ನಿಂತ. 'ಮಾತು ಕೊಟ್ಟವನು ನಾನು, ಜೀವ ತೆಗೆದುಕೊಳ್ಳಿ' ಅಂದ. ರಾಜ ಬಿಟ್ಟು ಕಳಿಸಿದ. ಅಮ್ಮನಿಗೆ ಇಷ್ಟು ಹೇಳುವಷ್ಟರಲ್ಲಿ ಅವರೇ, 'ಹುಲಿಯ ಗವಿಗೆ ವಾಪಸ್ ಹೋದ ನಮ್ಮ ಹಸುವಿನ ಕಥೆ ಹಾಗೇ ಅಲ್ವಾ ಮಾರಾಯ್ತಿ' ಅಂದರು. ಆಮೇಲೆ ಅವರನ್ನು ಆ ಗೋಡೆಯಿಂದ ಎಬ್ಬಿಸುವುದೇ ಕಷ್ಟವಾಯಿತು.

ಇನ್ನೊಂದು ಗೋಡೆಯಲ್ಲಿ ಪೋರ್ಚುಗಲ್ಲಿನ ರಾಜ ಮೊದಲನೇ ಜೊವಾವ್, ಇಂಗ್ಲೆಂಡಿನ ಫಿಲಿಪಾಳನ್ನು ಮದುವೆಯಾಗಲು ಪೋರ್ಟೊಗೆ ಬರುತ್ತಿದ್ದಾನೆ. ವರ್ಷ 1387. ಅದರ ಕೆಳಗೆ 1415ರ ಸೆಯುಟಾ ವಿಜಯದ ಚಿತ್ರ. ಆ ಮದುವೆಯಿಂದ ಹುಟ್ಟಿದ ಮಗ ಹೆನ್ರಿ, ಸಮುದ್ರಯಾನಗಳಿಗೆ ಬೆನ್ನೆಲುಬಾಗಿ ನಿಂತ ರಾಜಕುಮಾರ, ಸೆಯುಟಾ ಮೇಲೆ ಹೋದವರಲ್ಲಿ ಇದ್ದ. ಆಫ್ರಿಕಾದ ದಡದ ಆ ಊರಿನಿಂದ ಶುರುವಾದದ್ದು ಮುಂದೆ ನಮ್ಮ ಕರಾವಳಿ ತನಕ ಬಂತು. ನಾವು ಕುಂದಾಪುರದ ಕಡೆಯವರು. ಪಕ್ಕದ ಬಸ್ರೂರು ಬಂದರಿನ ಅಕ್ಕಿಗೆ 16ನೇ ಶತಮಾನದಲ್ಲಿ ಪೋರ್ಚುಗೀಸರು ಕಣ್ಣು ಹಾಕಿದ್ದು ನಮಗೆ ಚಿಕ್ಕಂದಿನಿಂದ ಕೇಳಿ ಗೊತ್ತು. ಹಾಗಾಗಿ ಆ ಸೆಯುಟಾ ಚಿತ್ರವನ್ನು ಸುಮ್ನೆ ಚೆನ್ನಾಗಿದೆ ಅಂತ ನೋಡಲು ನನ್ನಿಂದ ಆಗಲಿಲ್ಲ. ಅಲ್ಲಿ ಬಿದ್ದವರ ಮುಖಗಳನ್ನೇ ಜಾಸ್ತಿ ನೋಡಿದೆ.

ತಲೆ ಇನ್ನೂ ಸ್ವಲ್ಪ ಎತ್ತಿದರೆ, ಗೋಡೆಯ ಮೇಲಂಚಿನಲ್ಲಿ ಬಣ್ಣಬಣ್ಣದ ಒಂದು ಪಟ್ಟಿ ಕಾಣುತ್ತದೆ. ಗಾಡಿ, ಕುದುರೆ ಅಂತ ಸಾರಿಗೆ ಬೆಳೆದು ಬಂದು ಕೊನೆಗೆ ರೈಲು ಬರುವ ಕಥೆ. ಇದನ್ನು ಯಾರೂ ನೋಡುವುದಿಲ್ಲ.

ಸಾವ್ ಬೆಂಟೊದಲ್ಲಿ ಮೆಟ್ರೊದ ಡಿ ಲೈನ್ ಹತ್ತಿ. ಸುರಂಗದಿಂದ ಹೊರಬಂದ ಕೂಡಲೇ ರೈಲು ಡೊಂ ಲೂಯಿಸ್ ಸೇತುವೆಯ ಮೇಲಿನ ಅಂತಸ್ತಿನಲ್ಲಿ ನದಿ ದಾಟುತ್ತದೆ. ಮುಂದಿನ ನಿಲ್ದಾಣವೇ ಮೊರ್ರೊ ಉದ್ಯಾನ. ಟಿಕೆಟಿಗೆ 'ಅಂದಾಂತೆ' ಎಂಬ ಕಾರ್ಡ್ ಬೇಕು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್, ಇಬ್ಬರು ಒಂದರಲ್ಲೇ ಹೋಗುವ ಹಾಗಿಲ್ಲ. ತಡೆಗೇಟು ಇರುವುದಿಲ್ಲ, ಆದರೆ ಹತ್ತುವ ಮೊದಲು ಯಂತ್ರಕ್ಕೆ ಕಾರ್ಡ್ ತೋರಿಸಲೇಬೇಕು. ಲೈನ್ ಬದಲಿಸಿದಾಗಲೂ ಮತ್ತೆ ತೋರಿಸಬೇಕು. ತಪಾಸಣೆಯವರು ಬರುತ್ತಾರೆ, ದಂಡ ಜೋರು.

ಈ ಸೇತುವೆ ಪ್ಯಾರಿಸ್ಸಿನ ಗೋಪುರದ ಐಫೆಲ್ ಕಟ್ಟಿದ್ದು ಅಂತ ಬಹಳ ಜನ ಹೇಳುತ್ತಾರೆ. ಅಲ್ಲ. ಇದರ ವಿನ್ಯಾಸ ತೆಯೊಫಿಲ್ ಸೆರಿಗ್ ಅವರದು, ಉದ್ಘಾಟನೆ 1886ರಲ್ಲಿ. ಸೆರಿಗ್ ಮೊದಲು ಐಫೆಲ್ ಜೊತೆ ಪಾಲುದಾರರಾಗಿದ್ದರು. ಐಫೆಲ್ ಕಂಪನಿ ಕಟ್ಟಿದ್ದು ನದಿಯ ಮೇಲ್ಬದಿಯಲ್ಲಿರುವ ಮರಿಯಾ ಪಿಯಾ ರೈಲು ಸೇತುವೆ, 1877ರದ್ದು. ಡೊಂ ಲೂಯಿಸ್ ಸೇತುವೆಯ ಕಬ್ಬಿಣದ ಕಮಾನು 172 ಮೀಟರ್ ಅಗಲ. ಕಮಾನಿನ ತಲೆಯ ಮೇಲೆ ಒಂದು ದಾರಿ, ಬುಡದಲ್ಲಿ ಇನ್ನೊಂದು. ಮೇಲಿನ ದಾರಿಯಲ್ಲಿ ನಡೆಯಲೂಬಹುದು. ಮೆಟ್ರೊ ನಿಮ್ಮ ಪಕ್ಕದಲ್ಲೇ ನಿಧಾನಕ್ಕೆ ಹೋಗುತ್ತದೆ. ಮೊರ್ರೊ ಉದ್ಯಾನದಲ್ಲಿ ಇಳಿದು, ಸೇತುವೆಯ ಅರ್ಧದವರೆಗೆ ನಡೆದು ವಾಪಸ್ ಬಂದೆವು. ಪೂರ್ತಿ ಊರು ಅಲ್ಲಿಂದಲೇ ಕಾಣುವುದು.

ಉದ್ಯಾನದ ಪಕ್ಕದಿಂದ ಕೇಬಲ್ ಕಾರು ಗಾಯಾದ ದಂಡೆಗೆ ಇಳಿಸುತ್ತದೆ. ಐದು ನಿಮಿಷದ ದಾರಿಗೆ ಟಿಕೆಟ್ ದುಬಾರಿ ಅನ್ನಿಸಬಹುದು. ಮಂಡಿನೋವಿನವರಿಗೆ ದುಬಾರಿಯಲ್ಲ. ಕೆಳಗೆ ಕಾಣುವ ಕೆಂಪು ಹೆಂಚಿನ ಉದ್ದುದ್ದ ಮಾಡುಗಳೆಲ್ಲ ಪೋರ್ಟ್ ವೈನಿನ ಉಗ್ರಾಣಗಳು.

ವೈನ್ ಕುಡಿಯದಿದ್ದರೂ ಒಂದು ಉಗ್ರಾಣ ನೋಡಿ ಅಂತ ನಾನು ಒತ್ತಾಯ ಮಾಡುತ್ತೇನೆ. ಅಮ್ಮ ಕುಡಿಯುವುದಿಲ್ಲ. ಆದರೂ ಅವರಿಗೆ ಬಹಳ ಹಿಡಿಸಿದ ಜಾಗ ಅದು. ದ್ರಾಕ್ಷಿ ಬೆಳೆಯುವುದು ಇಲ್ಲಲ್ಲ, ನದಿಯ ಮೇಲ್ಬದಿಯ ಕಣಿವೆಯಲ್ಲಿ. ಆ ಪ್ರದೇಶಕ್ಕೆ 1756ರಲ್ಲೇ ಗಡಿ ಗುರುತಿಸಿದ್ದರು. ರಸ ಹುಳಿತು ಮದ್ಯವಾಗುತ್ತಿರುವಾಗ, ಸಿಹಿ ಇನ್ನೂ ಉಳಿದಿರುವಾಗಲೇ, ದ್ರಾಕ್ಷಿಯಿಂದ ಇಳಿಸಿದ ಸಾರಾಯಿ ಸೇರಿಸುತ್ತಾರೆ. ಹುದುಗು ಅಲ್ಲಿಗೆ ನಿಲ್ಲುತ್ತದೆ. ಅದಕ್ಕೇ ಪೋರ್ಟ್ ಸಿಹಿಯೂ ಹೌದು, ಖಡಕ್ಕೂ ಹೌದು. ಕಣಿವೆಯಲ್ಲಿ ಬೇಸಿಗೆ ಬಿಸಿಲು ವಿಪರೀತ. ಗಾಯಾದಲ್ಲಿ ಸಮುದ್ರದ ತಂಪು ಗಾಳಿ. ಹಾಗಾಗಿ ಪೀಪಾಯಿಗಳನ್ನು ರಬೇಲೊ ಎಂಬ ಚಪ್ಪಟೆ ತಳದ ದೋಣಿಯಲ್ಲಿ ಹೇರಿ ಇಲ್ಲಿಗೆ ತರುತ್ತಿದ್ದರು. ಈಗ ನದಿಗೆ ಅಣೆಕಟ್ಟುಗಳು ಬಂದಿವೆ, ವೈನು ಲಾರಿಯಲ್ಲಿ ಬರುತ್ತದೆ. ದೋಣಿಗಳು ಕಂಪನಿಗಳ ಹೆಸರು ಹೊತ್ತು ದಂಡೆಯಲ್ಲಿ ನಿಂತಿವೆ.

ಒಳಗೆ ಮಬ್ಬು ಕತ್ತಲೆ, ನೆಲ ತಂಪು, ಗಾಳಿಯಲ್ಲೇ ಒಂದು ಸಿಹಿ ವಾಸನೆ. ನಮ್ಮ ಗೈಡ್ ಹುಡುಗಿ ಎರಡು ಲೋಟಗಳನ್ನು ದೀಪದ ಮುಂದೆ ಹಿಡಿದಳು. ಒಂದು ಕಡುಕೆಂಪು, ರೂಬಿ. ದೊಡ್ಡ ಪೀಪಾಯಿಯಲ್ಲಿ ಇಟ್ಟಿದ್ದು, ಗಾಳಿ ಜಾಸ್ತಿ ತಾಗಿಲ್ಲ. ಇನ್ನೊಂದು ಕಂದು ಬಣ್ಣದ್ದು, ಟಾನಿ. ಚಿಕ್ಕ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತಿದ್ದು. ಮರದ ಸಂದಿನಿಂದ ಗಾಳಿ ಆಡಿ ಆಡಿ ಕೆಂಪು ಹೋಗಿದೆ. ಅಮ್ಮ ಎರಡನ್ನೂ ಮೂಸಿ, ಟಾನಿಯಲ್ಲಿ ಒಣದ್ರಾಕ್ಷಿ ಮತ್ತು ಸುಟ್ಟ ಸಕ್ಕರೆಯ ವಾಸನೆ ಇದೆ ಅಂದರು. ಗೈಡ್ ತಲೆಯಾಡಿಸಿ ನಕ್ಕಳು.

ಅಲ್ಲಿಂದ ಸೇತುವೆಯ ಕೆಳಗಿನ ಅಂತಸ್ತಿನಲ್ಲಿ ನಡೆದು ರಿಬೇರಾ ಸೇರಬಹುದು. ದಾರಿ ಸಮತಟ್ಟು. ಪೋರ್ಟೊ ಕಡೆ ಬಂದ ಕೂಡಲೇ ಎರಡು ಕಲ್ಲಿನ ಕಂಬಗಳಿವೆ. 1843ರ ತೂಗುಸೇತುವೆಯಲ್ಲಿ ಉಳಿದಿರುವುದು ಇಷ್ಟೇ. ಅದಕ್ಕಿಂತ ಮೊದಲು ಇಲ್ಲಿ ದೋಣಿಗಳನ್ನು ಸಾಲಾಗಿ ಕಟ್ಟಿ ಮಾಡಿದ ಸೇತುವೆ ಇತ್ತು. 1809ರ ಮಾರ್ಚ್ 29ರಂದು ನೆಪೋಲಿಯನ್ನನ ಸೈನ್ಯ ಊರಿಗೆ ನುಗ್ಗಿದಾಗ ಜನ ಜೀವ ಉಳಿಸಿಕೊಳ್ಳಲು ಅದರ ಮೇಲೆ ಓಡಿದರು. ಸೇತುವೆ ಕುಸಿಯಿತು. ದಂಡೆಯ ಗೋಡೆಯಲ್ಲಿ ಆ ಘಟನೆಯ ಕಂಚಿನ ಉಬ್ಬುಚಿತ್ರ ಇದೆ, 1897ರದ್ದು. ಅದರ ಮುಂದೆ ಈಗಲೂ ಮೇಣದ ಬತ್ತಿ ಹಚ್ಚುತ್ತಾರೆ. ನಾವು ನಿಂತಿದ್ದಾಗ ತರಕಾರಿ ಚೀಲ ಹಿಡಿದ ಒಬ್ಬ ಅಜ್ಜಿ ಬಂದು, ಚೀಲ ಕೆಳಗಿಟ್ಟು, ಬತ್ತಿ ಹಚ್ಚಿ, ಶಿಲುಬೆ ಗುರುತು ಮಾಡಿ ಹೋದರು. ಸುತ್ತಲೂ ಹೋಟೆಲಿನ ಮೇಜುಗಳು, ಗದ್ದಲ. ಇನ್ನೂರು ವರ್ಷ ದಾಟಿದರೂ ಆ ಸತ್ತವರನ್ನು ಊರು ಬಿಟ್ಟಿಲ್ಲ. ರಿಬೇರಾದಲ್ಲಿ ಬಣ್ಣದ ಮನೆಗಳ ಫೋಟೊ ತೆಗೆಯುವವರು ದಯವಿಟ್ಟು ಇಲ್ಲೊಂದು ಕ್ಷಣ ನಿಲ್ಲಿ.

ದಂಡೆಯಲ್ಲೇ ಸ್ವಲ್ಪ ಮುಂದೆ ಸಾವ್ ಫ್ರಾನ್ಸಿಸ್ಕೊ ಚರ್ಚು. ಹೊರಗಿನಿಂದ ಬೋಳು ಕಲ್ಲು. ಒಳಗೆ ಕೆತ್ತಿದ ಮರಕ್ಕೆ ಚಿನ್ನದ ಹಾಳೆ ಹೊದಿಸಿದ್ದಾರೆ. ಎಡಗಡೆ ಮಲಗಿರುವ ಒಬ್ಬ ಮನುಷ್ಯನ ಮೈಯಿಂದ ಮರವೊಂದು ಹೊರಟು, ಕೊಂಬೆಕೊಂಬೆಗೂ ರಾಜರು ಕೂತಿದ್ದಾರೆ. ಕ್ರಿಸ್ತನ ವಂಶವೃಕ್ಷ ಅದು. ಹತ್ತಿರ ಹೋಗಿ ನೋಡಿ.

ಇನ್ನು ಮೇಲೆ ಬರಬೇಕಲ್ಲ. ಸೇತುವೆಯ ಬುಡದ ಹತ್ತಿರದಿಂದ ಗಿಂಡಾಯಿಸ್ ಹಗ್ಗದ ರೈಲು ಬಟಾಲ್ಯಾ ಚೌಕದ ಬಳಿಗೆ ಎಳೆದು ಹತ್ತಿಸುತ್ತದೆ. ಅದು ಓಡುತ್ತಿದೆಯಾ ಅಂತ ಬೆಳಿಗ್ಗೆಯೇ ವಿಚಾರಿಸಿಕೊಳ್ಳಿ. ಇಲ್ಲದಿದ್ದರೆ ಟ್ಯಾಕ್ಸಿ. ಬಟಾಲ್ಯಾದಿಂದ ಸಾಂತಾ ಕತರೀನಾ ಬೀದಿ ಹಿಡಿದರೆ ದೊಡ್ಡ ಏರಿಲ್ಲದೆ ಆಲ್ಮಾಸ್ ಚಾಪೆಲ್ ತನಕ ಹೋಗಬಹುದು. ಹೊರಗೋಡೆಯೆಲ್ಲ ನೀಲಿ ಹೆಂಚು. ನೋಡಿದರೆ ಬಹಳ ಹಳೆಯದು ಅನ್ನಿಸುತ್ತದೆ, ಅಂಟಿಸಿದ್ದು 1929ರಲ್ಲಿ. ಕ್ಲೆರಿಗೋಸ್ ಗೋಪುರ ಮಾತ್ರ ನಾನೊಬ್ಬಳೇ ಹತ್ತಿದೆ. ಇನ್ನೂರಕ್ಕೂ ಜಾಸ್ತಿ ಮೆಟ್ಟಿಲು, ಮೇಲೆ ಹೋದಂತೆ ಇಕ್ಕಟ್ಟು. ಅಮ್ಮ ಕೆಳಗೆ ಚರ್ಚಿನಲ್ಲಿ ಕೂತಿದ್ದರು. 1906ರ ಲೆಲ್ಲೊ ಪುಸ್ತಕದಂಗಡಿಯ ಕೆಂಪು ಮೆಟ್ಟಿಲು ಚೆಂದವೇ, ಆದರೆ ನೂಕುನುಗ್ಗಲಿನಲ್ಲಿ ಪುಸ್ತಕ ನೋಡಲು ಆಗುವುದಿಲ್ಲ. ನನ್ನ ಕೇಳಿದರೆ, ಆ ಹೊತ್ತನ್ನು ಸಾವ್ ಬೆಂಟೊಗೆ ಕೊಡಿ.

ಊಟದ ವಿಷಯ. ನಾವು ಸಸ್ಯಾಹಾರಿಗಳು. ಪೋರ್ಟೊದವರನ್ನು ತ್ರಿಪೇರೊ, ಅಂದರೆ ಕರುಳು ತಿನ್ನುವವರು ಅಂತಲೇ ಕರೆಯುತ್ತಾರೆ. ಸೆಯುಟಾಗೆ ಹೊರಟ ಹಡಗುಗಳಿಗೆ ಒಳ್ಳೆಯ ಮಾಂಸವೆಲ್ಲ ಕೊಟ್ಟು ಊರಿನವರು ಕರುಳು ಇಟ್ಟುಕೊಂಡರು ಅನ್ನುವ ಕಥೆ ಇದೆ. ಇಂಥ ಊರಿನಲ್ಲಿ ಕೇಳಿ ತಿನ್ನಬೇಕು. 'ಸೆಂ ಕಾರ್ನೆ, ಸೆಂ ಪೆಯ್ಶೆ' ಅಂದರೆ ಮಾಂಸ ಬೇಡ, ಮೀನು ಬೇಡ. ಕಾಲ್ದೊ ವೆರ್ದೆ ಎಂಬ ಸೊಪ್ಪು, ಆಲೂಗಡ್ಡೆಯ ಸೂಪಿನ ಮೇಲೆ ಸಾಸೇಜಿನ ಚೂರು ತೇಲುತ್ತಿರುತ್ತದೆ, ಮೊದಲೇ ಬೇಡ ಅನ್ನಿ. ಕೂತ ಕೂಡಲೇ ಮೇಜಿಗೆ ತಂದಿಡುವ ಬ್ರೆಡ್ಡು, ಆಲಿವ್ ಬಿಟ್ಟಿ ಅಲ್ಲ. ಬೇಡವಾದರೆ ವಾಪಸ್ ಕಳಿಸಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮ ಹೊಟ್ಟೆ ತುಂಬಿಸಿದ್ದು ಬೊಲ್ಯಾವ್ ಮಾರುಕಟ್ಟೆ. 1914ರ ಕಟ್ಟಡ, ದುರಸ್ತಿಯಾಗಿ 2022ರಲ್ಲಿ ಮತ್ತೆ ತೆರೆದಿದೆ. ಅಲ್ಲಿಂದ ಹಣ್ಣು, ಚೀಸು, ಮತ್ತೆ ಅವಿಂತೆಸ್ ಊರಿನ ಬ್ರೋವಾ ಕೊಂಡೆವು. ಮೆಕ್ಕೆಜೋಳ, ರೈ ಎಂಬ ಧಾನ್ಯದ ಹಿಟ್ಟಿನ ಕಪ್ಪು ಬ್ರೆಡ್ಡು ಅದು, ಭಾರ, ಸ್ವಲ್ಪ ಹುಳಿ. ಊರಿನಿಂದ ತಂದ ಚಟ್ನಿಪುಡಿಗೆ ಬಹಳ ಚೆನ್ನಾಗಿ ಹೊಂದಿತು. ನಾವು ಹೋಗಿದ್ದು ಮಳೆ ಶುರುವಾಗುವ ಅಕ್ಟೋಬರ್ ಕೊನೆಯಲ್ಲಿ. ಬೀದಿಬದಿಯಲ್ಲಿ ಚೆಸ್ಟ್‌ನಟ್ ಸುಟ್ಟು ಮಾರುತ್ತಿದ್ದರು. ಒದ್ದೆಯಾದರೆ ಅಲ್ಲಿನ ಕಲ್ಲುಹಾಸು ಜಾರುತ್ತದೆ. ಅಡಿಭಾಗದಲ್ಲಿ ಹಿಡಿತ ಇರುವ ಶೂ ಬೇಕೇ ಬೇಕು, ಚಪ್ಪಲಿ ಬೇಡ.

ಒಂದು ದಿನ ಜಾಸ್ತಿ ಇದ್ದರೆ ಅದನ್ನು ಡೌರೊ ರೈಲಿಗೆ ಇಡಿ. ಸಾವ್ ಬೆಂಟೊ ಅಥವಾ ಕಂಪಾನ್ಯಾ ನಿಲ್ದಾಣದಿಂದ ಪಿನ್ಯಾವ್ ಊರಿಗೆ ಸುಮಾರು ಎರಡೂವರೆ ಗಂಟೆ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ, ನದಿ ಆ ಕಡೆಗೆ ಬರುತ್ತದೆ. ಮೊದಲ ಒಂದು ಗಂಟೆ ವಿಶೇಷವೇನಿಲ್ಲ. ಆಮೇಲೆ ಹಳಿ ನೀರಿನ ಅಂಚಿಗೇ ಇಳಿದು, ಎದುರು ಗುಡ್ಡದಲ್ಲಿ ಮೆಟ್ಟಿಲು ಮೆಟ್ಟಿಲಾದ ದ್ರಾಕ್ಷಿ ತೋಟಗಳು ಶುರುವಾಗುತ್ತವೆ. ಉಗ್ರಾಣದಲ್ಲಿ ಮೂಸಿದ ವೈನು ಹುಟ್ಟುವುದು ಇಲ್ಲೇ. ಪಿನ್ಯಾವ್ ನಿಲ್ದಾಣದ ಗೋಡೆಯ ಹೆಂಚುಗಳಲ್ಲಿ ರಾಜರಿಲ್ಲ. ಬುಟ್ಟಿ ಹೊತ್ತ ಹೆಂಗಸರು, ದ್ರಾಕ್ಷಿ ಕೊಯ್ಲು, ದೋಣಿಗಳು ಇವೆ. ಅಮ್ಮ ಸಾವ್ ಬೆಂಟೊದ ಹಾಗೆಯೇ ಒಂದೊಂದನ್ನೂ ನಿಂತು ನೋಡಿದರು. ವಾಪಸ್ ಬರುವ ರೈಲುಗಳು ಕಡಿಮೆ, ಹಾಗಾಗಿ ಇಳಿದ ಕೂಡಲೇ ಮೊದಲು ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳಿ. ಆಮೇಲೆ ನದಿಯ ಕಡೆ ನಡೆಯಿರಿ.