ಅಂಕಿ ತೆಗೆದೆ, ಮಕ್ಕಳು ಲೆಕ್ಕ ಓದತೊಡಗಿದರು

ನನ್ನ ತರಗತಿಯ ಮಕ್ಕಳಿಗೆ ಕೂಡುವುದು, ಕಳೆಯುವುದು ಚೆನ್ನಾಗಿಯೇ ಬರುತ್ತಿತ್ತು. ವಾಕ್ಯದ ಲೆಕ್ಕ ಕೊಟ್ಟರೆ ಮಾತ್ರ ತಡವರಿಸುತ್ತಿದ್ದರು. ‘ರವಿಯ ಹತ್ತಿರ 12 ಪೆನ್ಸಿಲ್ ಇವೆ. ಅದು ಮೀನಾಳ ಹತ್ತಿರ ಇರುವುದಕ್ಕಿಂತ 5 ಜಾಸ್ತಿ. ಮೀನಾಳ ಹತ್ತಿರ ಎಷ್ಟಿವೆ?’ ಎಂದರೆ ಅರ್ಧ ತರಗತಿ 17 ಎನ್ನುತ್ತಿತ್ತು. ‘ಜಾಸ್ತಿ’ ಕಂಡ ತಕ್ಷಣ ಕೂಡಿಬಿಡುತ್ತಿದ್ದರು. ಇಂಥವೇ ಇನ್ನಷ್ಟು ಲೆಕ್ಕ ಮಾಡಿಸಿದರೆ ಆ ಅಭ್ಯಾಸವೇ ಗಟ್ಟಿಯಾಗುತ್ತದೆ, ಅಲ್ವಾ?

ಹಾಗಾಗಿ ಅಂಕಿಗಳನ್ನೇ ತೆಗೆದೆ. ‘ರವಿಯ ಹತ್ತಿರ ಒಂದಿಷ್ಟು ಪೆನ್ಸಿಲ್ ಇವೆ. ಅದು ಮೀನಾಳದ್ದಕ್ಕಿಂತ ಜಾಸ್ತಿ’ ಎಂದಷ್ಟೇ ಬೋರ್ಡಿನ ಮೇಲೆ ಬರೆದು, ಯಾರ ಹತ್ತಿರ ಕಡಿಮೆ ಇದೆ ಎಂದು ಕೇಳಿದೆ. ಕೂಡಲು ಏನೂ ಇಲ್ಲದ್ದರಿಂದ ಎಲ್ಲರೂ ಓದಲೇಬೇಕಾಯಿತು. ಆಮೇಲೆ ರವಿ, ಮೀನಾ ಇಬ್ಬರ ಪೆನ್ಸಿಲ್‌ಗಳಿಗೂ ಒಂದೊಂದು ಆಯತಾಕಾರದ ಪಟ್ಟಿಯ ಚಿತ್ರ ಬರೆಸಿದೆ. ರವಿಯದು ಉದ್ದ, ಮೀನಾಳದು ಗಿಡ್ಡ. ಉದ್ದ ಪಟ್ಟಿಗೆ 12, ಹೆಚ್ಚಿರುವ ತುಂಡಿಗೆ 5 ಎಂದು ಕೊನೆಗೆ ತುಂಬಿದೆವು. ಉಳಿದದ್ದು 7 ಎಂದು ಚಿತ್ರವೇ ತೋರಿಸಿತು. ಸಿಂಗಪುರದ ಶಾಲೆಗಳಲ್ಲಿ 1980ರ ದಶಕದಿಂದ ಬಳಕೆಯಲ್ಲಿರುವ ವಿಧಾನ ಇದು.

ಉತ್ತರ ಬಂದ ಮೇಲೆ ‘ಹೇಗೆ ಗೊತ್ತಾಯಿತು?’ ಎಂದು ಕೇಳುವುದನ್ನು ಬಿಡಬೇಡಿ. ಸರಿ ಉತ್ತರಕ್ಕೂ ಕೇಳಿ. ತಪ್ಪಿಗೆ ಮಾತ್ರ ಕೇಳಿದರೆ ಮಕ್ಕಳು ಪ್ರಶ್ನೆ ಬಂದ ಕೂಡಲೇ ಸುಮ್ನೆ ಉತ್ತರ ಅಳಿಸಿಬಿಡುತ್ತಾರೆ. ಈಗ ಹೆಚ್ಚಿನವರು ಮೊದಲು ಪಟ್ಟಿ ಬರೆಯುತ್ತಾರೆ. ಎರಡು ಹಂತದ ಲೆಕ್ಕ ಇನ್ನೂ ಕಷ್ಟವೇ; ಅಲ್ಲಿ ಚಿತ್ರಕ್ಕೆ ಜಾಸ್ತಿ ಹೊತ್ತು ಕೊಡುತ್ತಿದ್ದೇನೆ.