ಹಳೇ ಲೇತ್‌ಗೆ ಗೇರ್ ಜೋಡಿಸಿ ಥ್ರೆಡ್ ಹಾಕಿದ್ದು

ನನ್ನ ಹಳೇ ಲೇತ್‌ಗೆ (ಲೋಹದ ತುಂಡನ್ನು ತಿರುಗಿಸುತ್ತಾ ಕೊರೆಯುವ ಯಂತ್ರ) ಗೇರ್ ಬಾಕ್ಸ್ ಇಲ್ಲ. ಯಾವ ಥ್ರೆಡ್ (ಸ್ಕ್ರೂ ಮೇಲಿನ ಸುರುಳಿ ಗೆರೆ) ಬೇಕೋ ಅದಕ್ಕೆ ತಕ್ಕ ಗೇರ್‌ಗಳನ್ನು ಎಡಗಡೆ ಕೈಯಾರೆ ಜೋಡಿಸಬೇಕು. ಯಾವುದಕ್ಕೆ ಯಾವ ಗೇರ್ ಎಂದು ಕೆತ್ತಿದ ಹಿತ್ತಾಳೆ ತಗಡೇನೋ ಇದೆ, ಆದರೆ ಅರ್ಧ ಅಂಕಿಗಳು ಸವೆದು ಹೋಗಿವೆ. ಅದನ್ನು ಓದುವ ಗೋಜಿಗೇ ನಾನು ಹೋಗಲಿಲ್ಲ. ಲೆಕ್ಕ ಒಂದು ಸಲ ತಲೆಗೆ ಹತ್ತಿದರೆ ತಗಡು ಯಾಕೆ ಬೇಕು, ಅಲ್ವಾ?

ಮೊದಲು ಲೀಡ್ ಸ್ಕ್ರೂ (ಕೊರೆಯುವ ಟೂಲನ್ನು ಸಾಗಿಸುವ ಉದ್ದನೆಯ ಸ್ಕ್ರೂ) ಮೇಲೆ ಸ್ಕೇಲ್ ಇಟ್ಟು ಎಣಿಸಿದೆ. ಇಂಚಿಗೆ 8 ಥ್ರೆಡ್. ಆಮೇಲೆ ಕೆಲಸದ ತುಂಡನ್ನು ಹಿಡಿಯುವ ಚಕ್‌ಗೆ ಸೀಮೆಸುಣ್ಣದ ಗುರುತು ಹಾಕಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿದೆ. ಮೊದಲ ಗೇರ್ ಕೂರುವ ಸ್ಟಡ್ ಕೂಡ ಸರಿಯಾಗಿ ಒಂದೇ ಸುತ್ತು ಬಂತು. ಇದನ್ನು ನೋಡದೆ ಮುಂದೆ ಹೋಗಬೇಡಿ. ಸ್ಟಡ್ ಅರ್ಧ ಸುತ್ತು ಮಾತ್ರ ಬಂದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ಉಳಿದದ್ದು ಬರೀ ಭಿನ್ನರಾಶಿ. ಲೀಡ್ ಸ್ಕ್ರೂ ಥ್ರೆಡ್ ಮೇಲೆ, ನಮಗೆ ಬೇಕಾದ ಥ್ರೆಡ್ ಕೆಳಗೆ. ಇಂಚಿಗೆ 16 ಬೇಕಾದರೆ 8/16, ಅಂದರೆ 20/40. 20 ಹಲ್ಲಿನದು ಸ್ಟಡ್‌ಗೆ, 40 ಹಲ್ಲಿನದು ಲೀಡ್ ಸ್ಕ್ರೂಗೆ. ನಡುವಿನ ಜಾಗ ತುಂಬಲು ಯಾವ ಐಡ್ಲರ್ (ನಡುವಿನ ಗೇರ್) ಹಾಕಿದರೂ ನಡೆಯುತ್ತದೆ. ಅದು ತಿರುಗುವ ದಿಕ್ಕನ್ನಷ್ಟೇ ಬದಲಿಸುತ್ತದೆ.

ಕಾಲು ಇಂಚಿನ ಬಿಎಸ್‌ಪಿ, ಅಂದರೆ ಬ್ರಿಟಿಷ್ ಅಳತೆಯ ಪೈಪ್ ಥ್ರೆಡ್‌ನಲ್ಲಿ ಮಜಾ ಇದೆ. ಅದು ಇಂಚಿಗೆ 19. ಲೆಕ್ಕ 8/19, ಅಂದರೆ 40/95. ನನ್ನ ಪೆಟ್ಟಿಗೆಯಲ್ಲಿ 95 ಹಲ್ಲಿನ ಗೇರ್ ಇಲ್ಲ. 19 ಅನ್ನು ಒಡೆಯಲಾಗುವುದಿಲ್ಲ, ಹಾಗಾಗಿ 19ರ ಮಗ್ಗಿಯಲ್ಲಿ ಬರುವ ಒಂದು ಗೇರ್ ಬೇಕೇ ಬೇಕು. 38 ಸಿಕ್ಕಿತು. ಹಳೇ ಸೆಟ್‌ಗಳಲ್ಲಿ ಎಲ್ಲವೂ ಐದೈದರ ಲೆಕ್ಕದಲ್ಲಿದ್ದು 38 ಒಂದು ಮಾತ್ರ ಬೇರೆ ಇದ್ದರೆ, ಅದು ಇದಕ್ಕೇ. ಸ್ಟಡ್‌ನ 20, 38ನ್ನು ತಿರುಗಿಸುತ್ತದೆ. 38ರ ಜೊತೆಗೇ ಒಂದೇ ಬುಷ್ ಮೇಲೆ ಕೀ ಹಾಕಿ, ಎರಡೂ ಒಟ್ಟಿಗೇ ತಿರುಗುವಂತೆ ಕೂರಿಸಿದ 40, ಲೀಡ್ ಸ್ಕ್ರೂನ 50ನ್ನು ತಿರುಗಿಸುತ್ತದೆ. 20/38 ಗುಣಿಸು 40/50, ಸರಿಯಾಗಿ 8/19.

ಮೆಟ್ರಿಕ್‌ಗೆ 127 ಹಲ್ಲಿನ ಗೇರ್ ಬೇಕು. ಇಂಚು ಎಂದರೆ 25.4 ಮಿ.ಮೀ., ಅದರ ಐದರಷ್ಟು 127. 1.5 ಮಿ.ಮೀ. ಪಿಚ್‌ಗೆ (ಒಂದು ಥ್ರೆಡ್‌ನಿಂದ ಮುಂದಿನದಕ್ಕಿರುವ ದೂರ) 60/127 ಹಾಕಿದರೆ ಕರಾರುವಾಕ್ಕು. ಆದರೆ ಅಷ್ಟು ದೊಡ್ಡ ಗೇರ್ ಸಣ್ಣ ಲೇತ್‌ನ ಕವರ್ ಒಳಗೆ ಹಿಡಿಯಬೇಕಲ್ಲ! ಬದಲಿಗೆ 30/63 ಹಾಕಿದರೆ ಪಿಚ್ ಸುಮಾರು 1.512 ಬರುತ್ತದೆ. ಸಾಮಾನ್ಯ ನಟ್‌ಗೆ ಇದು ಸಾಕು. ಉದ್ದನೆಯ ನಟ್ ಮಾತ್ರ ಹೋಗ್ತಾ ಹೋಗ್ತಾ ಬಿಗಿಯುತ್ತದೆ. ಲೀಡ್ ಸ್ಕ್ರೂನಂಥ ಉದ್ದದ ಕೆಲಸಕ್ಕೆ ನಾನು ಇದನ್ನು ಒಪ್ಪುವುದಿಲ್ಲ.

ಇನ್ನು ಕೂರಿಸುವ ಕೆಲಸ. ಮೊದಲು ಪ್ಲಗ್ ಕಿತ್ತಿಡಿ. ಹಲ್ಲಿನ ಬುಡದಲ್ಲಿ ಹಳೇ ಗ್ರೀಸ್ ಮತ್ತು ಕಬ್ಬಿಣದ ಪುಡಿ ಸೇರಿ ಕಲ್ಲಾಗಿರುತ್ತದೆ. ಅದನ್ನು ಮೊನೆಯಿಂದ ಕೆರೆದು ತೆಗೆದೆ. ಹಾಗೇ ಬಿಟ್ಟರೆ ಪ್ರತಿ ಸುತ್ತಿಗೂ ಟಕ್ ಅಂತ ಬಡಿಯುತ್ತದೆ, ಥ್ರೆಡ್ ಮೇಲೂ ಅಲೆ ಕಾಣುತ್ತದೆ. ಜೋಡಣೆ ಕೆಳಗಿನಿಂದ ಶುರು. ಲೀಡ್ ಸ್ಕ್ರೂ ಗೇರ್‌ಗೂ ಐಡ್ಲರ್‌ಗೂ ನಡುವೆ ನೋಟ್‌ಬುಕ್ ಹಾಳೆಯ ಚೂರು ಸಿಕ್ಕಿಸಿ, ಒತ್ತಿ ಹಿಡಿದು ನಟ್ ಬಿಗಿದೆ. ಕಡೆಗೆ ಐಡ್ಲರ್ ಹಿಡಿದಿರುವ ತೋಳನ್ನು, ಅಂದರೆ ಬ್ಯಾಂಜೋವನ್ನು, ಪೂರ್ತಿ ಮೇಲೆತ್ತಿ ಸ್ಟಡ್ ಗೇರ್‌ಗೂ ಹಾಗೇ ಮಾಡಿದೆ. ತಿರುಗಿಸಿದಾಗ ಕಾಗದ ಮಡಿಕೆ ಬಿದ್ದು ಹೊರಬರಬೇಕು, ಹರಿಯಬಾರದು. ಹರಿದರೆ ಗೇರ್ ಜಾಸ್ತಿ ಬಿಗಿಯಾಗಿದೆ ಎಂದರ್ಥ.

ಮೊದಲ ಕಟ್ ಬರೀ ಗೀರು. ಹತ್ತು ಥ್ರೆಡ್ ಅಳೆಯಿರಿ. 1.5ಕ್ಕೆ ಸುಮಾರು 15 ಮಿ.ಮೀ. ಬರಬೇಕು.

16ರ ಥ್ರೆಡ್ 8ರ ಮಗ್ಗಿಯಲ್ಲಿ ಬರುವುದರಿಂದ ಹಾಫ್ ನಟ್ (ಲೀಡ್ ಸ್ಕ್ರೂವನ್ನು ಹಿಡಿದು ಟೂಲ್ ಸಾಗಿಸುವ ನಟ್) ಎಲ್ಲಿ ಹಾಕಿದರೂ ಟೂಲ್ ಅದೇ ಗೆರೆಗೆ ಬೀಳುತ್ತದೆ. ಮೆಟ್ರಿಕ್‌ನಲ್ಲಿ ಹಾಗಲ್ಲ. ಕೆಲಸ ಮುಗಿಯುವ ತನಕ ಹಾಫ್ ನಟ್ ಬಿಚ್ಚಬಾರದು. ಟೂಲ್ ಹಿಂದಕ್ಕೆಳೆದು, ಲೇತ್ ಉಲ್ಟಾ ತಿರುಗಿಸಿ ಶುರುವಿನ ಜಾಗಕ್ಕೆ ಬರಬೇಕು. ನನ್ನ ಲೇತ್‌ನಲ್ಲಿ ಚಕ್ಕೇ ಸ್ಪಿಂಡಲ್ (ಚಕ್ ತಿರುಗಿಸುವ ಅಕ್ಷ) ಮೇಲೆ ಥ್ರೆಡ್‌ನಿಂದ ನಿಂತಿದೆ. ಮೋಟಾರ್ ದಿಢೀರನೆ ಉಲ್ಟಾ ಎಳೆದರೆ ಚಕ್ ಬಿಚ್ಚಿಕೊಂಡು ಬೆಡ್ ಮೇಲೆ ಬೀಳಬಹುದು. ಅದಕ್ಕೇ ಸ್ಪಿಂಡಲ್‌ನ ಹಿಂಬದಿಗೆ ಒಂದು ಹ್ಯಾಂಡಲ್ ಮಾಡಿಕೊಂಡೆ. ಮೆಟ್ರಿಕ್ ಥ್ರೆಡ್ ಪೂರ್ತಿ ಅದರಲ್ಲೇ, ಕೈಯಲ್ಲೇ. ನಿಧಾನ ಹೌದು. ಆದರೆ ಅಂಚಿನ ತನಕ ಹೋಗಿ ಬೇಕಾದ ಕಡೆ ನಿಲ್ಲಿಸಬಹುದು.