ಹೆಪ್ಪು ಹಾಕಿದ ಮೇಲೆ ಮುಚ್ಚಳ ತೆಗೆಯಬಾರದು

ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ, ಅಂದರೆ ಅಲ್ಲೇ ಬಿಯರ್ ಮಾಡಿ ಮಾರುವ ಪಬ್ಬಿನಲ್ಲಿ, ಮೂರು ವರ್ಷ ಬಿಯರ್ ಮಾಡಿದ್ದೇನೆ. ಈಗ ಹುಬ್ಬಳ್ಳಿಗೆ ವಾಪಸ್ ಬಂದು ಅಪ್ಪನ ಅಂಗಡಿ ನೋಡಿಕೊಳ್ಳುತ್ತಿದ್ದೇನೆ. ಕೇಶ್ವಾಪುರದ ಮನೆಯಲ್ಲಿ ಶುಂಠಿ ಬಿಯರ್ ಮಾಡುತ್ತೇನೆ, ಅಷ್ಟೆ. ಬಾರ್ಲಿ ಬಿಯರನ್ನು ಮನೆಯಲ್ಲಿ ಮಾಡುವ ಹಾಗಿಲ್ಲ, ಅದಕ್ಕೆ ಅಬಕಾರಿ ಪರವಾನಗಿ ಬೇಕು. ಕುಡಿಯುವುದು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಮಾತು ಇಲ್ಲಿ ಬೇಡ. ಮಾಡ್ತಾ ಮಾಡ್ತಾ ಕಲಿತದ್ದನ್ನು ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಾನು ಮಾಡಿದ್ದು ತೊಳೆಯುವುದೊಂದೇ. ಟ್ಯಾಂಕು, ಪೈಪು, ವಾಲ್ವು. ಮೊದಲು ಬಿಸಿ ಕಾಸ್ಟಿಕ್ ಸೋಡಾ ನೀರು, ಆಮೇಲೆ ಬರೀ ನೀರು, ಆಮೇಲೆ ಆಸಿಡ್. ಒಂದು ಸಲ ಅವಸರದಲ್ಲಿ ಒಂದು ವಾಲ್ವನ್ನು ಬಿಚ್ಚದೆ, ಸುಮ್ನೆ ಮೇಲಿಂದ ನೀರು ಹಾಯಿಸಿ ಮುಗಿಸಿದೆ. ಆ ಟ್ಯಾಂಕಿನ ಬಿಯರು ಹುಳಿಯಾಯಿತು. ಬಿಚ್ಚಿ ನೋಡಿದರೆ ರಬ್ಬರ್ ರಿಂಗಿನ ಕೆಳಗೆ, ಉಗುರಿನಿಂದ ಕೆರೆದರಷ್ಟೇ ಕಾಣುವಷ್ಟು ಬಿಳಿ ಲೋಳೆ. 500 ಲೀಟರ್ ಗಟಾರಕ್ಕೆ ಹೋಯಿತು, ನಾನೇ ನಿಂತು ಹರಿಯಬಿಟ್ಟೆ. ಆ ಲೋಳೆ ಈಗಲೂ ಕಣ್ಣ ಮುಂದಿದೆ. ಅದಕ್ಕೇ ಈಗ ಅಂಗಡಿಯಲ್ಲಿ ರಾತ್ರಿ ಷಟರ್ ಎಳೆಯುವ ಮೊದಲು ಉದ್ರಿ ಪುಸ್ತಕ ಬರೆದೇ ಏಳುತ್ತೇನೆ, ಎಷ್ಟೇ ತಡವಾಗಲಿ.

ತೊಳೆಯುವುದು ಕಲಿತೆ. ಸುಮ್ಮನೆ ಇರುವುದನ್ನು ಕಲಿಯುವುದಕ್ಕೆ ಜಾಸ್ತಿ ದಿನ ಹಿಡಿಯಿತು. ಬಾರ್ಲಿಯ ರಸ ಕುದಿಸಿ, ತಣಿಸಿ, ಯೀಸ್ಟ್ (ಸಕ್ಕರೆ ತಿಂದು ಆಲ್ಕೋಹಾಲ್, ಗ್ಯಾಸ್ ಮಾಡುವ ಸೂಕ್ಷ್ಮಜೀವಿ) ಹಾಕಿದ ಮೇಲೆ ಮನುಷ್ಯನ ಕೆಲಸ ಹೆಚ್ಚುಕಡಿಮೆ ಮುಗಿದ ಹಾಗೆ. ಸಕ್ಕರೆ ಎಷ್ಟು ಉಳಿದಿದೆ ಅಂತ ಹೈಡ್ರೋಮೀಟರ್ ಅನ್ನುವ ತೇಲುವ ಗಾಜಿನ ಕೊಳವೆ ಇಳಿಬಿಟ್ಟು ನೋಡುತ್ತೇವೆ. ಬರೀ ನೀರಿಗೆ ಅದು 1.000 ತೋರಿಸುತ್ತದೆ, ಸಕ್ಕರೆ ಜಾಸ್ತಿ ಇದ್ದಷ್ಟೂ ಅಂಕಿ ಏರುತ್ತದೆ. ನನ್ನ ಮೊದಲ ಟ್ಯಾಂಕ್ 1.050ರಿಂದ ಶುರುವಾಗಿ 1.020ಕ್ಕೆ ಬಂದು ಎರಡು ದಿನ ಅಲ್ಲೇ ನಿಂತಿತು. ಜೊತೆಗೆ ಬೆಣ್ಣೆಯ ವಾಸನೆ ಬೇರೆ. ಕೆಟ್ಟೇ ಹೋಯಿತು ಅಂತ ಹೆದರಿ, ಏನಾದರೂ ಮಾಡೋಣ ಅಂತ ಹಿರಿಯ ಬ್ರೂವರ್ ಹತ್ತಿರ ಹೋದೆ. "ಮುಟ್ಟಬೇಡ, ಅದರ ಪಾಡಿಗೆ ಬಿಡು" ಅಂದರು.

ಆ ಬೆಣ್ಣೆ ವಾಸನೆಗೆ ಕಾರಣ ಡಯಾಸಿಟೈಲ್ ಅನ್ನುವ ವಸ್ತು. ಅದರ ಮೂಲ ಯೀಸ್ಟೇ. ಅವಸರಪಟ್ಟು ಟ್ಯಾಂಕ್ ತಣ್ಣಗೆ ಮಾಡಿದರೆ ಯೀಸ್ಟ್ ಮಲಗುತ್ತದೆ, ವಾಸನೆ ಬಿಯರಿನಲ್ಲೇ ಉಳಿಯುತ್ತದೆ. ಇನ್ನೆರಡು ದಿನ ಬೆಚ್ಚಗೆ ಬಿಟ್ಟರೆ ಅದೇ ಯೀಸ್ಟ್ ಅದನ್ನು ವಾಪಸ್ ತಿಂದು ತೆಗೆಯುತ್ತದೆ. ಎಂಟನೇ ದಿನ ಅಂಕಿ 1.012ಕ್ಕೆ ಇಳಿದಿತ್ತು, ಮೂಗು ಹಚ್ಚಿ ನೋಡಿದೆ, ವಾಸನೆ ಇಲ್ಲ. ತಪ್ಪು ಮಾಡಿದ್ದೂ ಅದೇ, ತಿದ್ದಿಕೊಂಡಿದ್ದೂ ಅದೇ.

ಹೋದ ವರ್ಷ ಅಂಗಡಿ ಲೆಕ್ಕದಲ್ಲಿ ಒಂಬತ್ತು ಸಾವಿರ ಕಡಿಮೆ ಬಂದು ನನಗೂ ತಮ್ಮನಿಗೂ ಜೋರು ಮಾತಾಯಿತು. ಅವತ್ತೇ ಅವನನ್ನು ಕೂರಿಸಿ ಕೇಳಬೇಕು ಅಂತ ಬಾಯಿ ತುದಿಗೆ ಬಂದಿತ್ತು. ಟ್ಯಾಂಕ್ ನೆನಪಾಗಿ ಬಾಯಿ ಮುಚ್ಚಿಕೊಂಡೆ. ಊಟಕ್ಕೆ ಮಾತ್ರ ದಿನಾ ಜೊತೆಗೇ ಕರೆದೆ. ಮೂರನೇ ದಿನ ರೊಟ್ಟಿ ಮುರಿಯುತ್ತಾ ಅವನೇ ಅಂದ, "ಅಣ್ಣಾ, ಆ ಲೆಕ್ಕಾ ನಾನ ತಪ್ಪ ಬರದಿದ್ದೆ."

ಇನ್ನು ಶುಂಠಿ ಬಿಯರ್. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಒಂದು ಚಮಚ ತುರಿದ ಶುಂಠಿ, ಒಂದು ಚಮಚ ಸಕ್ಕರೆ. ಆಮೇಲೆ ದಿನಾ ಅಷ್ಟಷ್ಟೇ ಹಾಕುತ್ತಾ ಹೋದರೆ ಐದಾರು ದಿನಕ್ಕೆ ಗುಳ್ಳೆ ಏಳುತ್ತದೆ. ಇದೇ ಹೆಪ್ಪು. ಮೊದಲ ಸಲ ಸ್ವಚ್ಛ ಇರಲಿ ಅಂತ ಸಿಪ್ಪೆ ಪೂರ್ತಿ ಹೆರೆದು ಹಾಕಿದ್ದೆ, ಒಂದು ಗುಳ್ಳೆಯೂ ಬರಲಿಲ್ಲ. ಬೇಕಾದ ಯೀಸ್ಟ್ ಇರುವುದೇ ಸಿಪ್ಪೆಯ ಮೇಲೆ. ಪಾತ್ರೆ ತಿಕ್ಕಿ ತೊಳೆಯಬೇಕು, ಶುಂಠಿಯ ಮಣ್ಣಷ್ಟೇ ಹೋದರೆ ಸಾಕು. ಎರಡನೇ ಸಲ ತಾಸಿಗೊಮ್ಮೆ ಮುಚ್ಚಳ ತೆಗೆದು ನೋಡುತ್ತಿದ್ದೆ. ಅವ್ವ ಅಡಿಗೆಮನೆಯಿಂದಲೇ ಅಂದಳು, "ಹಂಗ ಘಳಿಗ್ಗೊಮ್ಮೆ ತಗದ್ ನೋಡಿದ್ರ ಮೊಸರರೆ ಹೆಪ್ಪಾಗ್ತದೇನೋ ತಮ್ಮಾ?"

ಎರಡು ಲೀಟರ್ ನೀರಿಗೆ 100 ಗ್ರಾಂ ಶುಂಠಿ, 200 ಗ್ರಾಂ ಬೆಲ್ಲ ಕುದಿಸಿ, ಉಗುರುಬೆಚ್ಚಗಾದ ಮೇಲೆ ಎರಡು ನಿಂಬೆ ಹಿಂಡಿ, ಅರ್ಧ ಲೋಟ ಹೆಪ್ಪು ಸೋಸಿ ಹಾಕುತ್ತೇನೆ. ಬಿಸಿ ಇದ್ದಾಗ ಹಾಕಿದರೆ ಯೀಸ್ಟ್ ಸಾಯುತ್ತದೆ. ಗಾಜಿನ ಬಾಟಲಿ ಬೇಡ, ಗ್ಯಾಸ್ ತುಂಬಿ ಒಡೆಯುತ್ತದೆ. ಸೋಡಾದ ಪ್ಲಾಸ್ಟಿಕ್ ಬಾಟಲಿ ಒತ್ತಿದರೆ ಕಲ್ಲಿನ ಹಾಗಾದಾಗ ಫ್ರಿಜ್ಜಿಗೆ. ಏಪ್ರಿಲಿನ ಹುಬ್ಬಳ್ಳಿ ಬಿಸಿಲಿಗೆ ಒಂದೇ ದಿನ ಸಾಕು, ಡಿಸೆಂಬರಿನಲ್ಲಿ ಮೂರು ನಾಲ್ಕು ದಿನ. ಹೆಚ್ಚು ದಿನ ಹೊರಗಿಟ್ಟಷ್ಟೂ ಆಲ್ಕೋಹಾಲ್ ಏರುತ್ತದೆ, ಮಕ್ಕಳಿಗೆ ಕೊಡಬೇಡಿ.

1516ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಬಿಯರಿಗೆ ಬಾರ್ಲಿ, ಹಾಪ್ಸ್ (ಕಹಿ ಕೊಡುವ ಹೂವು), ನೀರು ಮೂರೇ ಇರಬೇಕು ಅಂತ ಕಟ್ಟಳೆ ಮಾಡಿದರು. ಯೀಸ್ಟಿನ ಹೆಸರೇ ಅದರಲ್ಲಿಲ್ಲ. ನಿಜವಾದ ಕೆಲಸ ಮಾಡುವುದು ಅದೇ ಅಲ್ವಾ? 1883ರಲ್ಲಿ ಡೆನ್ಮಾರ್ಕಿನ ಬಿಯರ್ ಕಂಪನಿ ಕಾರ್ಲ್ಸ್‌ಬರ್ಗ್‌ನ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಒಂದೇ ತಳಿಯ ಶುದ್ಧ ಯೀಸ್ಟನ್ನು ಬೇರೆ ಮಾಡಿ ಬೆಳೆಸಿದ. ಕಂಪನಿ ಅದನ್ನು ಬಚ್ಚಿಡದೆ ಬೇರೆ ಬ್ರೂವರಿಗಳಿಗೂ ಕೊಟ್ಟಿತು. ಇದನ್ನು ಓದಿದಾಗ ನನಗೆ ನಮ್ಮ ಓಣಿ ನೆನಪಾಯಿತು. ನಮ್ಮಲ್ಲಿ ಮೊಸರಿನ ಹೆಪ್ಪು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ನಾನೂ ಶುಂಠಿ ಹೆಪ್ಪನ್ನು ಕೆಳಗಿನ ಮನೆಯ ಕಾಕೂಗೆ ಒಂದು ಬಾಟಲಿ ಕೊಟ್ಟಿದ್ದೆ. ಈ ಮಳೆಗಾಲದಲ್ಲಿ ನಾನು ಒಂದು ವಾರ ಊರಲ್ಲಿ ಇಲ್ಲದಾಗ ನನ್ನದಕ್ಕೆ ಬೂಸ್ಟು ಹಿಡಿದಿತ್ತು. ವಾಪಸ್ ಬಂದವನೇ ಲೋಟ ಹಿಡಿದುಕೊಂಡು ಕೆಳಗೆ ಇಳಿದೆ. ಕಾಕೂ ಅರ್ಧ ಲೋಟ ಬಗ್ಗಿಸಿ ಕೊಟ್ಟರು, ಇನ್ನೂ ಗುಳ್ಳೆ ಏಳುತ್ತಿತ್ತು.